ಗಾಡಿ ನೋಡಿ ಜಾತಕ ಹೇಳುವವರು

ನಮ್ಮ ಮನೆಯವರಿಗೆ ಒಬ್ಬ ಮನುಷ್ಯನನ್ನು ತಿಳಿಯಲು ಅವನ ಊರು, ಓದು, ಸಂಬಳ ಯಾವುದೂ ಬೇಕಾಗಿರಲಿಲ್ಲ. ಗಾಡಿ ಯಾವುದೆಂದು ಗೊತ್ತಾದರೆ ಸಾಕು, ಉಳಿದ ಜಾತಕವನ್ನು ಅವರೇ ಬರೆದುಬಿಡುತ್ತಿದ್ದರು. ಪುಣೆಯ ಹತ್ತಿರ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಇಲ್ಲವೇ ಫೇಲು ಮಾಡುವುದು ಅವರ ಕೆಲಸ. ವಾರದಲ್ಲಿ ಆರು ದಿನ ಕಬ್ಬಿಣವನ್ನು ಫೇಲು ಮಾಡಿದವರು ಏಳನೆಯ ದಿನ ರಸ್ತೆಯ ಮೇಲಿನ ಜನರನ್ನು ಫೇಲು ಮಾಡುತ್ತಿದ್ದರು. ಕೆಲಸಕ್ಕೆ ಹೋಗಿಬರಲು ಕಾರ್ಖಾನೆಯ ಬಸ್ಸಿತ್ತು, ಹಾಗಾಗಿ ನಮ್ಮ ಕಾರು ಹೊರಗೆ ಬರುತ್ತಿದ್ದುದು ರವಿವಾರ ಮಾತ್ರ. ಅವರು ಓಡಿಸುವುದು, ನಾನು ಎಡಗಡೆ ಕೂತು ತೀರ್ಪುಗಳನ್ನು ಕೇಳುವುದು.

ಬಿಳಿ ಅಂಬಾಸಿಡರ್ ಎದುರಿಗೆ ಬಂದರೆ, “ಸರಕಾರದ ಮನಶಾ. ಕುರ್ಚಿ ಬಿಟ್ಟು ಏಳಂಗಿಲ್ಲ, ರಸ್ತೆ ಬಿಟ್ಟು ಸರಿಯಂಗಿಲ್ಲ” ಎನ್ನುತ್ತಿದ್ದರು. ಹಿಂದಿನ ಸೀಟಿಗೆ ಟವೆಲ್ಲು ಹಾಸಿದ್ದರೆ ಒಳಗೆ ಸಾಹೇಬರು, ಹಾಸದಿದ್ದರೆ ಸಾಹೇಬರ ಮನೆಗೆ ತರಕಾರಿ ಒಯ್ಯುತ್ತಿರುವ ಡ್ರೈವರು. ಎಂಟುನೂರು ಎಂದು ಎಲ್ಲರೂ ಕರೆಯುತ್ತಿದ್ದ ಪುಟ್ಟ ಕಾರು ಕಂಡರೆ ಒಳಗಿನ ತಲೆ ಎಣಿಸುತ್ತಿದ್ದರು. ಐದಕ್ಕಿಂತ ಕಡಿಮೆ ಬಂದರೆ, “ಮನ್ಯಾಗ ಜಗಳ ಆಡಿ ಬಂದಾರ, ಉಳದವರು ಹತ್ತಿಲ್ಲ” ಎಂದು ತೀರ್ಮಾನ. ಸುಮೋದವರೆಂದರೆ ಇವರಿಗೆ ಆಗುತ್ತಲೇ ಇರಲಿಲ್ಲ. “ಕೊರಳಾಗ ಚೈನು, ಹಿಂದಿನ ಗಾಜಿನ ಮ್ಯಾಲೆ ಹುಲಿ. ಕನ್ನಡಿ ಮಡಚಿ ಇಟ್ಟಾನ ನೋಡು. ಹಿಂದಿನವರು ಇದ್ದಾರೋ ಸತ್ತಾರೋ ಅಂವಗ ಏನಾಗಬೇಕಾಗೇದ.” ಝೆನ್ ಓಡಿಸುವವರಿಗೆ ಇಷ್ಟು ಮಾತು ಕೂಡ ಖರ್ಚು ಮಾಡುತ್ತಿರಲಿಲ್ಲ. “ಹೊಸಾ ರೊಕ್ಕ, ಕರೀ ಚಷ್ಮಾ” ಎಂದು ಮುಗಿಸಿಬಿಡುತ್ತಿದ್ದರು.

ಪದ್ಮಿನಿ ಓಡಿಸುವವರು ಅವರ ಪ್ರಕಾರ ಪುಣೆಯ ಹಳೆ ಪೇಠೆಗಳ ನಿವೃತ್ತ ಮಾಸ್ತರರು. ರಸ್ತೆಯ ನಟ್ಟನಡುವೆ ಮೆಲ್ಲಗೆ ಹೋಗುತ್ತಾರೆ, ಯಾರಾದರೂ ಹಾರ್ನ್ ಹೊಡೆದರೆ ಗಾಡಿ ನಿಲ್ಲಿಸಿ ಕೆಳಗಿಳಿದು ಪಾಠ ಹೇಳುತ್ತಾರೆ. ನಮ್ಮದೂ ಪದ್ಮಿನಿಯೇ ಅಲ್ಲವೇ ಎಂದು ಒಮ್ಮೆ ಕೇಳಿದೆ. “ನಮ್ಮದು ಬ್ಯಾರೆ” ಎಂದರು. ಹೇಗೆ ಬೇರೆ ಎಂದು ನಾನು ಕೇಳುವಷ್ಟರಲ್ಲಿ ಹಿಂದೆ ಒಬ್ಬ ರಿಕ್ಷಾದವನು ಹಾರ್ನ್ ಹೊಡೆದ. ಇವರು ಗಾಡಿ ನಿಲ್ಲಿಸಿ ಅವನಿಗೆ ಪಾಠ ಹೇಳಲು ಕೆಳಗಿಳಿದರು.

ಮುಂದಿನ ಗಾಡಿ ನಿಧಾನವಾಗಿದ್ದರೆ ಮಾತ್ರ ಯಾವ ಕಾರೆಂದು ನೋಡುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. “ಹೆಣ್ಣಮಗಳು ಇರಬೇಕು” ಎನ್ನುತ್ತಿದ್ದರು. ದಾಟಿಹೋಗುವಾಗ ನಾನು ಬೇಕೆಂದೇ ಬಗ್ಗಿ ನೋಡುತ್ತಿದ್ದೆ.

“ಮೀಸಿ ಅದಾವಲ್ರೀ” ಎಂದು ಹೇಳುತ್ತಿದ್ದೆ.

“ಹಂಗಾರ ಹೇಣ್ತಿ ಬಾಜೂ ಕೂತಿರಬೇಕು.”

ಒಂದು ಸಲ ಬಾಜೂ ಯಾರೂ ಇರಲಿಲ್ಲ. ಅದನ್ನೂ ಹೇಳಿದೆ. “ಮನ್ಯಾಗ ಇರ್ತಾಳ” ಎಂದರು.

ಈ ಎಲ್ಲ ಕಾನೂನಿಗೂ ಒಂದೇ ಒಂದು ವಿನಾಯಿತಿ ಇತ್ತು, ನಮ್ಮ ಧಾರವಾಡ ಕಡೆಯ ನಂಬರಿನ ಗಾಡಿ. ಕೆಎ ಇಪ್ಪತ್ತೈದು ಕಂಡರೆ ಇವರ ಮುಖವೇ ಬದಲಾಗುತ್ತಿತ್ತು. ಬೆಳಗಾವಿಯ ಇಪ್ಪತ್ತೆರಡಾದರೂ ನಡೆಯುತ್ತಿತ್ತು. ಎರಡು ಸಲ ಸಣ್ಣದಾಗಿ ಹಾರ್ನ್, ಗಾಡಿಯ ಪಕ್ಕಕ್ಕೆ ಗಾಡಿ, ಗಾಜು ಇಳಿಸಿ “ಯಾವೂರ್ರೀ?” ಎಂದು ಕೇಳುವುದು. ಪುಣೆಯಲ್ಲಿರುವ ನಮ್ಮ ಕಡೆಯ ಹಳಬರಲ್ಲಿ ಇದೊಂದು ರೂಢಿ. ಸಿಗ್ನಲ್ಲು ಕೆಂಪಾಗಿರುವಷ್ಟು ಹೊತ್ತಿನಲ್ಲಿ ಓಣಿ, ಮನೆತನ, ಯಾರ ಬೀಗರು ಯಾರು ಎಲ್ಲವೂ ಗೊತ್ತಾಗಬೇಕು. ಒಮ್ಮೆ ಸ್ವಾರಗೇಟಿನಿಂದ ಅಂಥದೊಂದು ಗಾಡಿಯ ಬೆನ್ನು ಹತ್ತಿ, ಅದರೊಳಗಿದ್ದ ಐದು ಜನರನ್ನು ಮನೆಗೇ ಕರೆತಂದರು. ನಾನು ಅವಲಕ್ಕಿ ಹಚ್ಚಿ ಕೊಟ್ಟೆ. ಅವರು ಹೋದ ಮೇಲೆ, ಬಂದ ಗಾಡಿ ಸುಮೋ ಆಗಿತ್ತಲ್ಲ ಎಂದು ನೆನಪು ಮಾಡಿದೆ. “ಧಾರವಾಡದ ಸುಮೋ ಬ್ಯಾರೆ” ಎಂದರು.

ಇಷ್ಟೆಲ್ಲ ಕೇಳುತ್ತ ಸುಮ್ಮನೆ ಕೂತಿದ್ದ ನಾನು ಯಾರೆಂದು ಹೇಳಬೇಕು. ನಾನು ಕಾರು ಓಡಿಸುವುದನ್ನು ಕಲಿಸುವವಳು. ತೊಂಬತ್ತರ ದಶಕದ ಮೊದಲಿಗೆ, ಮಗಳ ಶಾಲೆ ಮುಗಿಯುತ್ತ ಬಂದಾಗ, ನಮ್ಮ ಓಣಿಯ ತುದಿಯಲ್ಲಿ ಒಬ್ಬ ಮರಾಠಿ ಹೆಣ್ಣುಮಗಳು ಹೆಂಗಸರಿಗಾಗಿ ನಡೆಸುತ್ತಿದ್ದ ಡ್ರೈವಿಂಗ್ ಸ್ಕೂಲಿಗೆ ಸೇರಿ ಕಲಿತೆ. ಲೈಸನ್ಸ್ ಬಂದ ಮೇಲೆ ಆಕೆ ನನ್ನನ್ನು ಬಿಡಲಿಲ್ಲ, ಇಲ್ಲೇ ಕಲಿಸು ಎಂದಳು. ಕಲಿಸುವ ಕಾರಿನಲ್ಲಿ ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಆ ಸೀಟಿನಲ್ಲಿ ಕೂತು ಹತ್ತು ವರ್ಷಕ್ಕೂ ಹೆಚ್ಚು ಕಾಲ ಪುಣೆಯ ಹೆಂಗಸರಿಗೆ ಗಾಡಿ ಕಲಿಸಿದೆ. ಇವರು ಬೇಡ ಅನ್ನಲಿಲ್ಲ. “ಸಾಲಿ ಗಾಡಿ ಅಲ್ಲೇನು, ಏನರ ಮಾಡು” ಎಂದರು.

ಸುಳ್ಳು ಯಾಕೆ ಹೇಳಲಿ, ನನ್ನ ಹತ್ತಿರವೂ ಜಾತಕಗಳಿದ್ದವು. ಮನೆಯಲ್ಲಿ ಅಂಬಾಸಿಡರ್ ಇದ್ದವರು ಸ್ಟೇರಿಂಗನ್ನು ರೊಟ್ಟಿ ಹಿಟ್ಟಿನ ಹಾಗೆ ನಾದುತ್ತಿದ್ದರು. ಝೆನ್ ಇದ್ದವರು ಮೊದಲನೆಯ ದಿನವೇ ಲೋಣಾವಳಾಕ್ಕೆ ಹೋಗುವುದು ಯಾವಾಗ ಎಂದು ಕೇಳುತ್ತಿದ್ದರು. ಸುಮೋದವರ ಹೆಂಡಂದಿರಷ್ಟು ಮೆದು ಜನರನ್ನು ನಾನು ನೋಡಿಲ್ಲ. ಸೈಕಲ್ಲಿನವನು ಎದುರಾದರೂ ಗಾಡಿ ನಿಲ್ಲಿಸಿ ಮೊದಲು ಅವನು ಹೋಗಲಿ ಎನ್ನುತ್ತಿದ್ದರು. ಒಬ್ಬಾಕೆ ಮೊದಲ ದಿನ ಕಾರು ಹತ್ತುವ ಮುಂಚೆ ಚಪ್ಪಲಿಯನ್ನು ಫುಟ್‌ಪಾತಿನ ಮೇಲೆ ಬಿಟ್ಟು, ಸ್ಟೇರಿಂಗಿಗೆ ಕೈಮುಗಿದು ಕೂತಳು. ಡೆಕ್ಕನ್ ತನಕ ಹೋಗಿ ತಿರುಗಿ ಬರುವಷ್ಟರಲ್ಲಿ ಚಪ್ಪಲಿ ಇರಲಿಲ್ಲ. ಆಕೆ ಅದಕ್ಕೆ ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. ಗಾಡಿ ತಿರುಗಿ ಬಂತಲ್ಲ, ಸಾಕು ಎಂದಳು.

ಹೀಗೆ ಊರಿಗೆಲ್ಲ ಕಲಿಸಿದ ನನಗೆ ನಮ್ಮ ಮನೆಯ ಕಾರಿನ ಕೀಲಿ ಮಾತ್ರ ಸಿಗಲಿಲ್ಲ. ಪದ್ಮಿನಿ ಇದ್ದಾಗ, “ಇದರ ಗೇರ್ ಬ್ಯಾರೆ ಥರಾ, ನಿನಗ ಆಗಂಗಿಲ್ಲ” ಎಂದರು. ಎರಡು ಸಾವಿರದ ಇಸವಿಯ ಹೊತ್ತಿಗೆ ಅದನ್ನು ಮಾರಿ ಬೆಳ್ಳಿ ಬಣ್ಣದ ಹೊಸ ಸ್ಯಾಂಟ್ರೋ ತಂದರು. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ತೆಗೆಯಲು ಕೂಡ ಬಿಡಲಿಲ್ಲ. ಬೇಸಿಗೆಯಲ್ಲಿ ನನ್ನ ಸೀರೆ ಅದಕ್ಕೆ ಅಂಟಿಕೊಂಡು, ಇಳಿಯುವಾಗ ಚರ್ ಎಂದು ಬಿಡಿಸಿಕೊಳ್ಳಬೇಕಾಗುತ್ತಿತ್ತು. ಕೀಲಿ ಕೇಳಿದರೆ, “ಹೊಸಾ ಗಾಡಿ, ಇಂಜಿನ್ ಇನ್ನೂ ಬಿಗಿ ಅದ” ಎಂದರು. ಮುಂದಿನ ಸಲ ಅಮಾವಾಸ್ಯೆ ಅಡ್ಡ ಬಂತು. ಅದರ ಮುಂದಿನ ಸಲ ಗಣಪತಿಯ ಗದ್ದಲ. ಎರಡು ವರ್ಷ ಕಳೆದ ಮೇಲೆ, “ಈಗ ಹಳೇದಾತು, ಅದರ ಸ್ವಭಾವ ನನಗಷ್ಟ ಗೊತ್ತು” ಎಂದರು. ಹೊಸದು ಎನ್ನುವುದಕ್ಕೂ ಹಳೆಯದು ಎನ್ನುವುದಕ್ಕೂ ನಡುವೆ ನನ್ನ ದಿನ ಒಂದಾದರೂ ಇತ್ತೋ ಏನೋ, ನನಗೆ ಗೊತ್ತಾಗಲಿಲ್ಲ. ಹೊರಗೆ ನಗುತ್ತಿದ್ದೆ. ಒಳಗೆ ಬಹಳ ನೋವಾಗುತ್ತಿತ್ತು. ನಾನು ಕಲಿಸಿದ ಹೆಂಗಸರು ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ಸ್ಟೇರಿಂಗಿನ ಮೇಲಿನ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದರು, ನಾನು ಗಂಡನ ಪಕ್ಕದಲ್ಲಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕೂತಿರುತ್ತಿದ್ದೆ.

ಆಮೇಲೆ ಒಂದು ಬೇಸಿಗೆಯಲ್ಲಿ ಲೋಣಾವಳಾಕ್ಕೆ ಹೊರಟೆವು. ಹಳೆಯ ಮುಂಬಯಿ ರಸ್ತೆ. ಊರು ಇನ್ನೂ ಸ್ವಲ್ಪ ದೂರವಿದ್ದಾಗ ಇವರು ಗಾಡಿ ನಿಧಾನ ಮಾಡಿ ಹಾರ್ನ್ ಹೊಡೆಯಲು ಶುರುಮಾಡಿದರು.

“ಅಂಬಾಸಿಡರ್ ನಿಂತದ ನೋಡು. ಸರಿಯಂಗಿಲ್ಲ. ನಾ ಹೇಳ್ಳಿಲ್ಲೇನು, ಇವರ ಸ್ವಭಾವನ ಹಂಗ.”

ನನಗೆ ಅಂಬಾಸಿಡರ್ ಎಲ್ಲೂ ಕಾಣಲಿಲ್ಲ. ರಸ್ತೆಯ ಅಂಚಿನಲ್ಲಿ, ಬಿಳಿ ಬಟ್ಟೆಯ ಮಾಡು ಹೊದ್ದುಕೊಂಡ ಕಬ್ಬಿನ ಹಾಲಿನ ಕೈಗಾಡಿಯೊಂದು ನಿಂತಿತ್ತು. ಇವರು ಅದರ ಹಿಂದೆಯೇ ಕಾರು ನಿಲ್ಲಿಸಿ ಹಾರ್ನ್ ಹೊಡೆದೇ ಹೊಡೆದರು. ಗಾಡಿಯವನು ಇದು ಗಿರಾಕಿಯ ಅವಸರ ಎಂದುಕೊಂಡು, ಬೇಗ ಬೇಗ ಕಬ್ಬು ಹಿಂಡಿ, ಎರಡು ಗ್ಲಾಸು ಹಿಡಿದು ಕಿಟಕಿಗೆ ಓಡಿಬಂದ. “ಹೇ ಘ್ಯಾ ಕಾಕಾ”, ತಗೊಳ್ಳಿ ಕಾಕಾ, ಎಂದ. ಇವರು ಒಂದು ಕ್ಷಣ ಅವನನ್ನು ನೋಡಿದರು, ಆಮೇಲೆ ಗ್ಲಾಸು ತೆಗೆದುಕೊಂಡು ಗಟಗಟ ಕುಡಿದರು. ಹೊರಗಿನ ಐಸು ಹಾಕಿದ ಕಬ್ಬಿನ ಹಾಲು ಕುಡಿದರೆ ಗಂಟಲು ಕೆಡುತ್ತದೆ ಎಂದು ಮದುವೆಯಾದಾಗಿನಿಂದ ಮುಟ್ಟದವರು ಐಸಿನ ಚೂರನ್ನೂ ಬಿಡಲಿಲ್ಲ. “ಭಾಳ ದಿವಸದಿಂದ ಕುಡೀಬೇಕು ಅನಸಿತ್ತು” ಎಂದರು. ನಾನು ಊರು ಮುಟ್ಟುವ ತನಕ ನಕ್ಕೆ. ಅವರ ಜಂಬ ಮುರಿದದ್ದಕ್ಕೆ ನಕ್ಕೆನೇ ಹೊರತು ಬೇರೆ ಏನೂ ನನ್ನ ತಲೆಗೆ ಹೊಳೆಯಲಿಲ್ಲ.

ಅದಾದ ಮೇಲೆ ಜಾತಕಗಳು ತಡವಾಗಿ ಬರತೊಡಗಿದವು. ಮುಂಚೆ ಎದುರಿನ ಗಾಡಿ ಚುಕ್ಕೆಯಷ್ಟಿದ್ದಾಗಲೇ ಹೇಳುತ್ತಿದ್ದವರು ಈಗ ಅದು ಮೂಗಿನ ಹತ್ತಿರ ಬಂದ ಮೇಲೆ ಹೇಳುತ್ತಿದ್ದರು. ಒಂದು ರವಿವಾರ ಟೆಂಪೋವನ್ನು ಸುಮೋ ಎಂದು ಬೈದರು. ವಯಸ್ಸಾಯಿತು, ಉಮೇದು ಕಡಿಮೆಯಾಗಿದೆ ಎಂದುಕೊಂಡೆ. ಐವತ್ತೇಳು ಅಂಥ ವಯಸ್ಸೇನೂ ಅಲ್ಲ ಎಂದೂ ಅನ್ನಿಸಿತು.

ನಿಜ ಗೊತ್ತಾದದ್ದು ಸ್ವಾರಗೇಟಿನ ಸಿಗ್ನಲ್ಲಿನಲ್ಲಿ. ನಮ್ಮ ಮುಂದೆ ಒಂದು ಕೆಂಪು ಕಾರು ನಿಂತಿತ್ತು, ನಡುವೆ ಒಂದು ಸೈಕಲ್ಲು ದಾಟುವಷ್ಟು ಜಾಗ. ಅದರ ಹಿಂದೆ ದೊಡ್ಡದಾಗಿ ಕೆಎ ಇಪ್ಪತ್ತೈದು ಎಂದು ಬರೆದಿತ್ತು. ನಾನು ಹಾರ್ನ್ ಈಗ ಬಂತು, ಈಗ ಬಂತು ಎಂದು ಕಾದೆ. ಇವರು ಸ್ಟೇರಿಂಗಿನ ಮೇಲೆ ಬೆರಳಾಡಿಸುತ್ತ ನೆಟ್ಟಗೆ ಅದನ್ನೇ ನೋಡುತ್ತಿದ್ದರು. ಸಿಗ್ನಲ್ಲು ಹಸಿರಾಯಿತು. ಕೆಂಪು ಕಾರು ಸಾತಾರಾ ರಸ್ತೆಗೆ ತಿರುಗಿ ಹೋಯಿತು. ಹಾರ್ನ್ ಬರಲೇ ಇಲ್ಲ.

ಹೊಸದಾಗಿ ಕಲಿಯಲು ಬಂದವರಿಗೆ ನಾನು ಮೊದಲು ಮಾಡಿಸುವ ಕೆಲಸ ಒಂದೇ. ಇಪ್ಪತ್ತೈದು ಹೆಜ್ಜೆ ದೂರದ ಗಾಡಿಯ ನಂಬರು ಓದಿಸುವುದು. ಓದಲು ಬರದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಾ ಎಂದು ಕಳಿಸುವುದು. ನೂರಾರು ಜನರ ಕಣ್ಣು ನೋಡಿದ ನಾನು ಪಕ್ಕದಲ್ಲಿದ್ದವರ ಕಣ್ಣು ನೋಡಿರಲಿಲ್ಲ.

“ಈಗ ಮುಂದ ಹೊಂಟದಲ್ಲ, ಆ ಗಾಡಿ ನಂಬರ್ ಎಷ್ಟ್ರಿ?” ಎಂದು ಕೇಳಿದೆ.

“ನಂಬರ್ ತಗೊಂಡು ಏನ ಮಾಡ್ತಿ?”

“ಸುಮ್ಮನ ಹೇಳ್ರಿ.”

“ಧೂಳ ಭಾಳ ಅದ ಇವತ್ತು” ಎಂದರು. ಹಿಂದಿನ ರಾತ್ರಿಯಷ್ಟೇ ಮಳೆ ಬಿದ್ದು ರಸ್ತೆ ತೊಳೆದಿತ್ತು.

ಮನೆ ಮುಟ್ಟಿದ ಮೇಲೆ, ನಾಳೆ ಡಾಕ್ಟರ ಕಡೆ ಬರದಿದ್ದರೆ ನಾನು ಈ ಗಾಡಿಯಲ್ಲಿ ಇನ್ನೊಮ್ಮೆ ಕೂಡುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ಮರುದಿನ ರಿಕ್ಷಾದಲ್ಲಿ ಹೋದೆವು. ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು. ಇಂಥ ಕಣ್ಣಿಟ್ಟುಕೊಂಡು ಕಾರು ಓಡಿಸುತ್ತಿದ್ದೀರಾ ಎಂದು ಡಾಕ್ಟರು ಬೆಚ್ಚಿ ಕೇಳಿದರು. ಇವರು ತಗ್ಗಿದ ದನಿಯಲ್ಲಿ, “ರವಿವಾರ ಅಷ್ಟ” ಎಂದರು.

ಆಪರೇಷನ್ನಿನ ದಿನ ನರ್ಸಮ್ಮ ಮೈಮೇಲಿನ ವಸ್ತುಗಳನ್ನೆಲ್ಲ ತೆಗೆದಿಡಲು ಒಂದು ಸ್ಟೀಲಿನ ತಟ್ಟೆ ಹಿಡಿದಳು. ಇವರು ಉಂಗುರ ಹಾಕಿದರು, ವಾಚು ಹಾಕಿದರು, ಪಾಕೀಟು ಹಾಕಿದರು. ಮತ್ತೇನಾದರೂ ಇದೆಯೇ ಎಂದು ಆಕೆ ಎರಡನೆಯ ಸಲ ಕೇಳಿದ ಮೇಲೆ ಕಿಸೆಯಿಂದ ಕಾರಿನ ಕೀಲಿ ಹೊರಗೆ ಬಂತು. ಆಕೆ ತಟ್ಟೆಯನ್ನು ನನ್ನ ಕೈಗಿಟ್ಟಳು. ಅಷ್ಟು ವರ್ಷ ಬೇಡಿದರೂ ಸಿಗದ್ದು ಹಾಗೆ ಸಿಕ್ಕಿತು. ನನಗೆ ಸಂತೋಷವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಗಂಡನನ್ನು ಒಳಗೆ ಕರೆದೊಯ್ದಾಗಲೂ ನಾನು ಆ ಕೀಲಿಯನ್ನು ಮುಷ್ಟಿಯಲ್ಲೇ ಹಿಡಿದಿದ್ದೆ.

ಒಂದು ಕಣ್ಣು ಆಗಿ, ಅದು ವಾಸಿಯಾಗಿ, ಇನ್ನೊಂದು ಕಣ್ಣು ಆಗುವಷ್ಟರಲ್ಲಿ ಮೂರು ತಿಂಗಳು ಹೋದವು. ಆ ಮೂರು ತಿಂಗಳು ನಾನೇ ಓಡಿಸಿದೆ. ಮೊದಲ ದಿನವೇ ಪ್ಲಾಸ್ಟಿಕ್ಕು ಕಿತ್ತು ಬಿಸಾಡಿದೆ. ಇವರು ಹಸಿರು ಪಟ್ಟಿ ಕಟ್ಟಿಕೊಂಡು, ಆಮೇಲೆ ಕರಿ ಚಷ್ಮಾ ಹಾಕಿಕೊಂಡು ಎಡಗಡೆ ಕೂತಿರುತ್ತಿದ್ದರು. ಝೆನ್ ತಗೊಳ್ಳೋಣವೇನ್ರಿ, ಚಷ್ಮಾ ಆಗಲೇ ಬಂದಿದೆಯಲ್ಲ ಎಂದು ಕಾಡಿಸಿದೆ. ನಗಲಿಲ್ಲ. ಗೇರು ಹಾಕಿದ್ದು ಸರಿಯಿಲ್ಲ, ತಿರುವು ಸರಿಯಿಲ್ಲ ಎಂದು ಜಗಳ ತೆಗೆಯುತ್ತಾರೆ ಎಂದು ನಾನು ಸಜ್ಜಾಗಿದ್ದೆ. ಅವರು ಏನೂ ಅನ್ನಲಿಲ್ಲ. ಅದೇ ನನಗೆ ಸೋಜಿಗವಾಗಿತ್ತು.

ಡಾಕ್ಟರು ಇನ್ನು ಓಡಿಸಬಹುದು ಎಂದ ಮೊದಲ ರವಿವಾರ, ಭೋರ್‌ನಲ್ಲಿದ್ದ ಇವರ ಹಳೆಯ ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೊರಟೆವು. ನಾನು ಕೀಲಿಯನ್ನು ಚಹಾದ ಕಪ್ಪಿನ ಪಕ್ಕದಲ್ಲಿಟ್ಟೆ. ಇಡುವಾಗ ಕೈ ಹಿಂದೆಮುಂದೆ ಆಯಿತು. ಇವರು ತೆಗೆದುಕೊಂಡರು. ಸೀಟು ಹಿಂದಕ್ಕೆ ಸರಿಸಿದರು, ಕನ್ನಡಿ ತಿರುಗಿಸಿದರು, ಕಾತ್ರಜ ಘಾಟನ್ನು ಚೆನ್ನಾಗಿಯೇ ಇಳಿಸಿದರು. ಅವರ ಕಣ್ಣು ಬಂದದ್ದಕ್ಕೆ ಖುಷಿ ಇತ್ತು. ಕೀಲಿ ಹೋದದ್ದಕ್ಕೆ ಹೊಟ್ಟೆ ಉರಿಯುತ್ತಲೂ ಇತ್ತು. ಎರಡೂ ಒಟ್ಟಿಗೆ ಇದ್ದವು.

ಖೇಡ ಶಿವಾಪುರದ ಹತ್ತಿರ ಚಹಾಕ್ಕೆ ನಿಲ್ಲಿಸಿದರು. ಕುಡಿದಾದ ಮೇಲೂ ಗಾಡಿ ಶುರುಮಾಡಲಿಲ್ಲ.

“ಒಂದ ಮಾತು ಹೇಳೂದದ. ಸಿಟ್ಟಾಗಬ್ಯಾಡ” ಎಂದರು. “ನನಗ ಕಾಣಸೂದು ಕಡಿಮಿ ಆಗೇದ ಅಂತ ನನಗ ಮೊದಲ ಗೊತ್ತಿತ್ತು.”

“ಎಂದಿನಿಂದ?”

“ವರ್ಷದ ಮ್ಯಾಲಾತು.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಕೀಲಿ ನಿನಗ ಕೊಡಬೇಕಾಗ್ತಿತ್ತು.” ಅವರು ಹೊರಗೆ ನೋಡುತ್ತ ಹೇಳಿದರು. “ಕಾರ್ಖಾನಿ ಬಸ್ಸಿನಾಗಿಂದ ನಿನ್ನ ಭಾಳ ಸಲ ನೋಡೀನಿ, ನೀ ಕಲಸೋ ಮುಂದ. ಒಂದ ಸಲ ನಿನ್ನ ಕಡೆ ಕಲಿಯೋ ಹುಡಗಿ ಗಾಡಿ ನೆಟ್ಟಗ ಬಸ್ಸಿನ ಮುಂದನ ತಂದಳು. ನೀ ಬ್ರೇಕ್ ಹಾಕಿ, ನಕ್ಕೋತ ಅಕೀ ಬೆನ್ನು ತಟ್ಟಿದಿ. ಬಸ್ಸಿನವರೆಲ್ಲಾ ಬೈದ್ರು. ನೀ ನನ್ನ ಹೇಣ್ತಿ ಅಂತ ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನೀ ನನಗಿಂತ ಛಲೋ ಓಡಸ್ತಿ. ಅದು ನನಗ ಅವತ್ತ ಗೊತ್ತಾತು.”

ಇಷ್ಟು ವರ್ಷ ನಾನು ಕೇಳಬೇಕೆಂದಿದ್ದ ಮಾತು ಅದು. ಆದರೆ ಅದನ್ನು ಕೇಳಿದ ಸುಖ ನನಗೆ ಸಿಗಲಿಲ್ಲ, ಯಾಕೆಂದರೆ ಅದರ ಹಿಂದಿನ ಮಾತು ಆಗಲೇ ಎದೆಯಲ್ಲಿ ಕೂತಿತ್ತು. ಒಂದು ವರ್ಷ ಕಾಣದ ಕಣ್ಣಿನಲ್ಲಿ ಓಡಿಸಿದ್ದರು. ಒಂದು ವರ್ಷ ನಾನು ಪಕ್ಕದಲ್ಲಿ ಕೂತು ನಕ್ಕಿದ್ದೆ.

“ಬಾಜೂ ನಾ ಕೂತಿದ್ದೆ” ಎಂದೆ. “ಆ ಗಾಡ್ಯಾಗ ನಾ ಇದ್ದೆ. ರಸ್ತಾದಾಗ ಯಾರ್ಯಾರದೋ ಮಕ್ಕಳಿದ್ರು.”

“ಹೌದು. ಮೂರು ತಿಂಗಳು ನಿನ್ನ ಬಾಜೂ ಕೂತು ಅದನ್ನ ವಿಚಾರ ಮಾಡೀನಿ. ನಿನಗ ಹೇಳದ ಇದ್ರ ಆಗಂಗಿಲ್ಲ ಅನಸ್ತು.”

“ಕೀಲಿ ಕೊಡ್ರಿ.”

ಕೊಟ್ಟರು. ನಾನು ಇಳಿದು ಈ ಕಡೆ ಬಂದೆ, ಅವರು ಇಳಿದು ಆ ಕಡೆ ಹೋದರು. ಸೀಟು ಮುಂದಕ್ಕೆ ಎಳೆದುಕೊಂಡು ಗಾಡಿ ಶುರುಮಾಡಿದೆ. ಕಣ್ಣು ತುಂಬಿ ಬಂತು. ಒರೆಸಿಕೊಂಡೆ, ಆಮೇಲೆ ಗೇರು ಹಾಕಿದೆ. ಭೋರ್ ಕಡೆಗೆ ಗಾಡಿ ತಿರುಗಿಸಿದೆ.

“ಇನ್ನ ಮುಂದ ಏನರ ಆದ್ರ ಮೊದಲ ನನಗ ಹೇಳಬೇಕು” ಎಂದೆ. “ಕಣ್ಣಾಗಲಿ, ಕಾಲಾಗಲಿ.”

“ಹೇಳ್ತೀನಿ.”

“ಮತ್ತ ಏನರ ಮುಚ್ಚಿಟ್ಟೀರೇನು?”

“ಎಡಗಿವಿ” ಎಂದರು. “ಎರಡ ವರ್ಷ ಆತು. ಸರಿ ಕೇಳಸಂಗಿಲ್ಲ.”

ಎರಡು ವರ್ಷ ಪ್ರತಿ ರವಿವಾರ ನಾನು ಆ ಎಡಗಿವಿಯ ಪಕ್ಕದಲ್ಲಿ ಕೂತು ಮಾತಾಡಿದ್ದೆ. ಅವರು ಹೂಂ, ಹೂಂ ಎನ್ನುತ್ತಿದ್ದರು.

“ಈ ಕಡೆ ಕೂತರ ಬಲಗಿವಿ ನಿನ್ನ ಕಡೆ ಬರ್ತದ” ಎಂದರು. “ಮೂರು ತಿಂಗಳಿಂದ ನೀ ಹೇಳೂದೆಲ್ಲಾ ಕೇಳಸ್ಲಿಕತ್ತದ.”

ಭೋರ್ ಮುಟ್ಟುವ ತನಕ ನಾನು ಬೈದೆ. ಅವರು ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡರು.